ದಾರಿ ನಿಮ್ಮ ಕ್ರಯಪತ್ರದಲ್ಲಿಲ್ಲ

ತುಮಕೂರು ಸೀಮೆಯ ಕೆರೆಗಳ ಅಂಚಿನಲ್ಲಿ ಮನೆ, ಸೈಟು, ತೋಟ ಮಾಡಿಕೊಂಡವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನೆರೆಹೊರೆಯವರೇ,

ಮರಳೂರಿನಿಂದ ಹಿಡಿದು ಗೂಳೂರು, ಭೀಮಸಂದ್ರದವರೆಗೆ, ಅತ್ತ ಗುಬ್ಬಿ, ಇತ್ತ ಕುಣಿಗಲ್‌ವರೆಗೆ ಕೆರೆ ಕಾಣುವ ಜಾಗದಲ್ಲಿ ಮನೆ ಕಟ್ಟಿಕೊಂಡವರು, ಕಟ್ಟಲು ಹೊರಟವರು, ಬೆಲೆ ಏರಲೆಂದು ಸೈಟು ಕೊಂಡು ಬಿಟ್ಟಿರುವವರು, ನಾಲ್ಕು ತೆಂಗು ನೆಟ್ಟು ತಂತಿಬೇಲಿ ಎಳೆದವರು, ನಿಮ್ಮೆಲ್ಲರಿಗೂ ಈ ಪತ್ರ. ಯಾರದೋ ಒಬ್ಬರ ಗೇಟನ್ನಾಗಲಿ, ಯಾವುದೋ ಒಂದು ಬಡಾವಣೆಯ ಕಾಂಪೌಂಡನ್ನಾಗಲಿ ಬೆರಳು ಮಾಡಿ ತೋರಿಸಲು ಬರೆಯುತ್ತಿಲ್ಲ. ನೀವು ಕೆರೆ ಒತ್ತುವರಿ ಮಾಡಿದ್ದೀರಿ ಎಂದೂ ಹೇಳುತ್ತಿಲ್ಲ. ಅದು ಸರ್ವೆಯವರು ಸರಪಳಿ ಹಿಡಿದು ಹೇಳಬೇಕಾದ ಮಾತು. ನಾನು ಕೇಳುವುದು ಅದಕ್ಕಿಂತ ಚಿಕ್ಕದು: ಕೆರೆಗೆ ಹೋಗುವ ದಾರಿಯನ್ನು ಮುಚ್ಚಬೇಡಿ, ಈಗಾಗಲೇ ಮುಚ್ಚಿದ್ದರೆ ತೆಗೆಯಿರಿ.

ನಿಮ್ಮ ಕಡೆಯ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನೀವು ಪುಕ್ಕಟೆಯಾಗಿ ಬಂದು ಕುಳಿತವರಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿ, ಒಡವೆ ಅಡವಿಟ್ಟು, ನೋಂದಣಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿ ಕೊಂಡವರು. ಸೈಟು ತೋರಿಸಿದವನು ಕೆರೆಯನ್ನು ತೋರಿಸಿಯೇ ಚದರಡಿಗೆ ಇಷ್ಟು ಹೆಚ್ಚೆಂದು ಹೇಳಿದ್ದ. ಮನೆ ಕಟ್ಟಿದ ಮೇಲೆ ಸಂಜೆಯಾದರೆ ಏರಿಯ ಮೇಲೆ ಬಾಟಲಿ ಹಿಡಿದು ಕೂರುವವರು, ರಾತ್ರಿ ಟ್ರ್ಯಾಕ್ಟರಿನಲ್ಲಿ ಕಟ್ಟಡದ ಅವಶೇಷ ತಂದು ಸುರಿಯುವವರು, ಕೋಳಿ ಅಂಗಡಿಯ ಚೀಲ ಎಸೆದು ಹೋಗುವವರು ಬಂದರು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಹೆಣ್ಣುಮಕ್ಕಳಿದ್ದಾರೆ. ಪಾಲಿಕೆಗೆ ಫೋನ್ ಮಾಡಿದರೆ ನೋಡ್ತೀವಿ ಸಾರ್ ಎಂಬ ಉತ್ತರ. ಕೊನೆಗೆ ಬಡಾವಣೆಯವರೆಲ್ಲ ಸೇರಿ ಚಂದಾ ಎತ್ತಿ ಒಂದು ಕಬ್ಬಿಣದ ಗೇಟು ನಿಲ್ಲಿಸುವುದು ಸಹಜವೆಂದೇ ತೋರುತ್ತದೆ. ಗೇಟು ನಿಲ್ಲಿಸುವವರಲ್ಲಿ ಬಹುಪಾಲು ಜನ ಭೂಗಳ್ಳರಲ್ಲ, ಬೇಸತ್ತವರು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತಿಗೆ ಬರುತ್ತೇನೆ.

ನಿಮ್ಮ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆದಿರುತ್ತಾರೆ: ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ಕೆರೆಯಂಗಳ, ಉತ್ತರಕ್ಕೆ ರಸ್ತೆ, ಹೀಗೆ. ಆ ನಾಲ್ಕು ಗೆರೆಗಳ ಒಳಗೆ ನಿಮ್ಮ ಹಕ್ಕಿಗೆ ಯಾರೂ ಅಡ್ಡ ಬರುವಂತಿಲ್ಲ. ಗೆರೆಯಾಚೆಯ ಕೆರೆ ಮಾತ್ರ ನಿಮಗೆ ಮಾರಿದವನದೂ ಆಗಿರಲಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಬಿಡಿಸಿ ಹೇಳುತ್ತದೆ: ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಸೇತುವೆ, ನದಿ, ಹಳ್ಳ, ಕೆರೆ, ಕಾಲುವೆ, ನಿಂತ ನೀರು, ಹರಿವ ನೀರು, ಉಬ್ಬರದ ಗೆರೆಯ ಕೆಳಗಿನ ಸಮುದ್ರದ ತಳ, ಇವುಗಳಲ್ಲಿ ಬೇರೆಯವರ ಸ್ವತ್ತೆಂದು ರುಜುವಾತಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಸರ್ಕಾರದ್ದು. ಕೆರೆಯನ್ನು ಹೇಳುವ ಕಲಮೇ ಕಾಲುದಾರಿಯನ್ನೂ ಹೇಳುತ್ತದೆ. ಅಂಥ ದಾರಿಯೊಂದನ್ನು ಮುಚ್ಚಬೇಕೆಂದರೆ ಅದಕ್ಕೂ ಮುಂದಿನ 68ನೇ ಕಲಮಿನಲ್ಲಿ ಕ್ರಮವಿದೆ: ಪ್ರಕಟಣೆ ಹೊರಡಬೇಕು, ಜನರ ಆಕ್ಷೇಪಣೆ ಕೇಳಬೇಕು, ಆಮೇಲೆ ತೀರ್ಮಾನ. ಬಡಾವಣೆಯ ಸಭೆಯಲ್ಲಿ ಕೈ ಎತ್ತಿ, ವೆಲ್ಡಿಂಗ್ ಅಂಗಡಿಗೆ ಮುಂಗಡ ಕೊಟ್ಟು ಮುಚ್ಚುವ ಅವಕಾಶ ಎಲ್ಲೂ ಇಲ್ಲ.

ದಾರಿ ಇತ್ತೆಂಬುದಕ್ಕೆ ಸಾಕ್ಷಿ ಹುಡುಕುವುದೂ ಕಷ್ಟವಲ್ಲ. ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆಗೆರೆಗಳಲ್ಲಿ ತೋರಿಸಿರುತ್ತಾರೆ. ನಿಮ್ಮ ಬಡಾವಣೆ ಎದ್ದ ಸರ್ವೆ ನಂಬರಿನ ಹಳೆಯ ಪಹಣಿ ತೆಗೆಸಿ, ವಿಸ್ತೀರ್ಣದ ಕೆಳಗೆ ಖರಾಬು ಎಂದು ಒಂದಷ್ಟು ಗುಂಟೆ ಕಳೆದಿದೆಯೇ ನೋಡಿ. ಬಂಡೆ, ಕೊರಕಲು ಎಂದು ಬಿಟ್ಟದ್ದು ಎ ಖರಾಬು. ದಾರಿ, ಹಳ್ಳ, ಕಾಲುವೆ ಎಂದು ಸಾರ್ವಜನಿಕರಿಗಾಗಿ ಬಿಟ್ಟದ್ದು ಬಿ ಖರಾಬು. ಬಿ ಖರಾಬನ್ನು ಮಾರಲು ಹಿಡುವಳಿದಾರನಿಗೆ ಹಕ್ಕಿಲ್ಲ. ಆಕಾರ್‌ಬಂದ್, ಟಿಪ್ಪಣಿಗಳು ಭೂದಾಖಲೆ ಕಚೇರಿಯಲ್ಲಿ ಸಿಗುತ್ತವೆ. ಅಲ್ಲಿಗೆ ಅಲೆಯುವ ಮೊದಲೇ ಅಂದಾಜು ಬೇಕಿದ್ದರೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನಿಮ್ಮ ಗೇಟಿನ ಮುಂದೆ ನಿಂತು ನೋಡಿ, ನೀವು ನಿಂತ ಜಾಗ ಯಾವ ಸರ್ವೆ ನಂಬರಿನದೆಂದು ತೋರಿಸುತ್ತದೆ. ಗ್ರಾಮ ನಕಾಶೆಯಲ್ಲಿರುವ ದಾರಿಗಳಿಗೆ ಯಾರಾದರೂ ಅಡ್ಡ ಹಾಕಿದ್ದರೆ ತಹಶೀಲ್ದಾರರು ತೆರವು ಮಾಡಿಸಬೇಕೆಂದು ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಹೊಲಕ್ಕೆ ಹೋಗುವ ರೈತನನ್ನು ಮನಸ್ಸಿನಲ್ಲಿಟ್ಟು ಬಂದ ಸುತ್ತೋಲೆ ಅದು, ಆದರೆ ನಕಾಶೆಯ ಚುಕ್ಕೆಗೆರೆ ಹೊಲಕ್ಕೆ ಹೋದರೂ ಒಂದೇ, ಕೆರೆಗೆ ಹೋದರೂ ಒಂದೇ.

ಕಡಲಿಲ್ಲದ ಜಿಲ್ಲೆಯವರು ನಾವು. ಆದರೂ ಕಡಲತೀರದ ಮಾತು ಇಲ್ಲಿ ಬೇಕು, ಏಕೆಂದರೆ ಅಲ್ಲಿಗೆ ಹೋದಾಗ ನೀವು ಗೇಟಿನ ಆಚೆ ಕಡೆ ನಿಲ್ಲುತ್ತೀರಿ. ರಜೆ ಬಂತೆಂದರೆ ತುಮಕೂರಿನ ಅರ್ಧ ಕಾರುಗಳು ಗೋಕರ್ಣ, ಮುರುಡೇಶ್ವರ, ಮಲ್ಪೆಯ ದಾರಿ ಹಿಡಿಯುತ್ತವೆ. ಅಲ್ಲಿ ರೆಸಾರ್ಟೊಂದರ ಕಾವಲುಗಾರ ಈ ದಾರಿ ನಮ್ಮ ಅತಿಥಿಗಳಿಗೆ ಮಾತ್ರ ಎಂದು ಕೈ ಅಡ್ಡ ಹಿಡಿದರೆ ನೀವು ಏನನ್ನುತ್ತೀರಿ? ಸಮುದ್ರ ಇವರಪ್ಪನದಾ ಎಂದೇ ತಾನೆ? ನಿಮ್ಮ ಸಿಟ್ಟಿಗೆ ಕಾನೂನಿನ ಬೆಂಬಲವೂ ಇದೆ. 1991ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ, ಜನ ತೀರಕ್ಕೆ ಹೋಗಲು ಎರಡು ಹೋಟೆಲು ಅಥವಾ ರೆಸಾರ್ಟುಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂಬ ಷರತ್ತಿತ್ತು. 2011ರಲ್ಲಿ, 2019ರಲ್ಲಿ ಅಧಿಸೂಚನೆ ಬದಲಾಯಿತು, ಕಟ್ಟಡಕ್ಕೆ ಬಿಡಬೇಕಾದ ದೂರ ಕೆಲವು ಕಡೆ ಕಡಿಮೆಯಾಯಿತು. ತೀರಕ್ಕೆ ಹೋಗುವ ಹಕ್ಕು ಜನರದೆಂಬ ತತ್ವವನ್ನು ಮಾತ್ರ ಯಾವ ಸರ್ಕಾರವೂ ಬಾಯಿಬಿಟ್ಟು ಅಲ್ಲಗಳೆದಿಲ್ಲ.

ತತ್ವ ಕಾಗದದ ಮೇಲಿದ್ದ ಮಾತ್ರಕ್ಕೆ ದಾರಿ ಉಳಿಯುವುದಿಲ್ಲ ಎಂಬುದಕ್ಕೆ ಹೊನ್ನಾವರದ ಕಾಸರಕೋಡು ಟೊಂಕಕ್ಕೆ ಹೋಗಿ ಬನ್ನಿ. ಶರಾವತಿ ಕಡಲು ಸೇರುವ ಅಳಿವೆಯ ಪಕ್ಕದ ಆ ಮರಳದಂಡೆಯಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ, ಗಂಡಸರು ದೋಣಿ ಎಳೆದು ನಿಲ್ಲಿಸುತ್ತಾರೆ, ಕಡಲಾಮೆ ಮೊಟ್ಟೆ ಇಡುತ್ತದೆ. ಖಾಸಗಿ ವಾಣಿಜ್ಯ ಬಂದರಿಗೂ ಅದರ ರಸ್ತೆಗೂ ಅದೇ ದಂಡೆ ಬೇಕಾದಾಗ ಮೀನುಗಾರರು ವರ್ಷಗಟ್ಟಲೆ ಹೋರಾಟಕ್ಕಿಳಿದರು, ಪೊಲೀಸ್ ಕೇಸುಗಳನ್ನು ಎದುರಿಸಿದರು. ಅವರ ಕೈಯಲ್ಲಿ ದಂಡೆಯ ಕ್ರಯಪತ್ರವಿರಲಿಲ್ಲ. ತಲೆಮಾರುಗಳಿಂದ ಅಲ್ಲಿ ಬದುಕಿದ್ದೇ ಅವರ ದಾಖಲೆ.

ಇನ್ನೊಂದು ಉದಾಹರಣೆ ನಮ್ಮ ದೇಶದಲ್ಲೇ ಹುಟ್ಟಿ ಹೋದವರದು. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿ ಕಟ್ಟಿದವರಲ್ಲೊಬ್ಬರಾದ ವಿನೋದ್ ಖೋಸ್ಲಾ 2008ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಟಿನ್ಸ್ ಬೀಚ್ ಪಕ್ಕದ ಜಮೀನನ್ನು 3.25 ಕೋಟಿ ಡಾಲರಿಗೆ ಕೊಂಡರು. ಹಿಂದಿನ ಮಾಲೀಕರು ತಲೆಮಾರುಗಳಿಂದ ಜನರನ್ನು ಒಳಗೆ ಬಿಡುತ್ತಿದ್ದ ಒಂದೇ ರಸ್ತೆಗೆ ಆಮೇಲೆ ಗೇಟು ಬಿತ್ತು. ಅಲ್ಲೂ ತೀರದ ಒದ್ದೆ ಮರಳು ಜನರದು, ಅಲ್ಲಿಗೆ ಹೋಗುವ ಜಮೀನು ಖಾಸಗಿಯವರದು. ಅಲೆಗಳ ಮೇಲೆ ಆಡುವವರ ಸಂಘಟನೆ ಕೋರ್ಟಿಗೆ ಹೋಯಿತು. ಮುಕ್ತವಾಗಿದ್ದ ಗೇಟನ್ನು ಮುಚ್ಚುವುದೂ ಕರಾವಳಿ ಕಾಯ್ದೆಯ ಪ್ರಕಾರ ಅನುಮತಿ ಬೇಕಾದ ಕೆಲಸವೆಂದು ಕೋರ್ಟು ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಖಾಸಗಿ ಆಸ್ತಿಯನ್ನು ದೇವರಂತೆ ಕಾಣುವ ದೇಶದ ಮಾತಿದು.

ನಮ್ಮ ಸುಪ್ರೀಂ ಕೋರ್ಟೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹಿಮಾಚಲದ ಬಿಯಾಸ್ ನದಿದಂಡೆಯಲ್ಲಿ ಹೋಟೆಲೊಂದು ಗುತ್ತಿಗೆ ಪಡೆದು, ತನ್ನ ಕಟ್ಟಡ ಉಳಿಸಿಕೊಳ್ಳಲು ನದಿಯ ಪಾತ್ರವನ್ನೇ ತಿರುಗಿಸಲು ಹೊರಟ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಬಂದ ತೀರ್ಪು ಗುತ್ತಿಗೆಯನ್ನು ರದ್ದು ಮಾಡಿತು. ನದಿ, ತೀರ, ಕಾಡುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ನೋಡಿಕೊಳ್ಳುವ ಧರ್ಮದರ್ಶಿ ಎಂದಿತು. 2011ರ ಜನವರಿಯಲ್ಲಿ ಪಂಜಾಬಿನ ಹಳ್ಳಿಯೊಂದರ ಕೊಳದ ಮೇಲೆ ಮನೆ ಕಟ್ಟಿಕೊಂಡವರ ಪ್ರಕರಣದಲ್ಲಿ, ಎಷ್ಟೇ ವರ್ಷದ ಒತ್ತುವರಿಯಾದರೂ, ಎಷ್ಟೇ ಹಣ ಸುರಿದು ಕಟ್ಟಿದ್ದರೂ ಅದು ಸಕ್ರಮಕ್ಕೆ ಕಾರಣವಾಗದು ಎಂದು ಹೇಳಿ, ಊರೊಟ್ಟಿನ ಜಾಗಗಳನ್ನು ಬಿಡಿಸಲು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಸರ್ಕಾರಕ್ಕೇ ಮನಬಂದಂತೆ ಪರಭಾರೆ ಮಾಡಲಾಗದ್ದನ್ನು ಲೇಔಟ್ ಮಾಡಿದವನು ನಿಮಗೆ ಹೇಗೆ ಕೊಟ್ಟಾನು?

ಕಾನೂನಿನ ಮಾತು ಸಾಕು. ದಾರಿಯ ವಿಷಯಕ್ಕೆ ನಾನು ಇಷ್ಟು ಜೋತುಬಿದ್ದಿರುವುದಕ್ಕೆ ಬೇರೆ ಕಾರಣವಿದೆ. ಕೆರೆ ಸಾಯುವುದು ಮಣ್ಣು ತುಂಬಿದ ದಿನವಲ್ಲ, ಅಲ್ಲಿಗೆ ಹೋಗುವ ಜನ ನಿಂತ ದಿನ.

ಕೆರೆಗೆ ಯಾರು ಹೋಗುತ್ತಾರೆ ನೋಡಿ. ಕುರಿ, ಎಮ್ಮೆ ಹೊಡೆದುಕೊಂಡು ನೀರಿಗೆ ಬರುವವರು. ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದ ಸಹಕಾರ ಸಂಘದ ಬಲೆಗಾರರು. ಬಟ್ಟೆ ಒಗೆಯುವವರು. ಬೇಸಿಗೆಯಲ್ಲಿ ಹೂಳು ಹೊಡೆಯುವ ಅಚ್ಚುಕಟ್ಟಿನ ರೈತರು. ಮದುವೆ ಮನೆಯಿಂದ ಕಳಶ ಹೊತ್ತು ಗಂಗೆ ತರಲು ಬರುವ ಮುತ್ತೈದೆಯರು. ಕೆರೆ ತುಂಬಿದ ವರ್ಷ ಬಾಗಿನ ಬಿಡಲು ಬರುವವರು. ಕುಣಿಗಲ್ ರಸ್ತೆಯಲ್ಲಿ ನಮ್ಮ ಪಕ್ಕದ ಗೂಳೂರನ್ನೇ ತೆಗೆದುಕೊಳ್ಳಿ. ಅಲ್ಲಿನ ಗಣಪ ಕೆರೆಯ ಮಣ್ಣಿನಲ್ಲೇ ಮೈದಳೆಯುತ್ತಾನೆ, ಬಲಿಪಾಡ್ಯಮಿಯಿಂದ ಪೂಜೆಗೊಳ್ಳುತ್ತಾನೆ, ಕಾರ್ತಿಕ ಕಳೆದ ಮೇಲೆ ಅದೇ ಕೆರೆಗೆ ಹೋಗಿ ಕರಗುತ್ತಾನೆ. ಹದಿನೆಂಟು ಕೋಮಿನವರು ಸೇರಿ ಮಾಡುವ ಆ ಜಾತ್ರೆಗೆ ಕೆರೆಯ ಮಣ್ಣೂ ಬೇಕು, ನೀರೂ ಬೇಕು, ಎರಡಕ್ಕೂ ಹೋಗಿಬರುವ ದಾರಿಯೂ ಬೇಕು. ದಾರಿ ಕಟ್ಟಿದರೆ ಗಣಪ ಹೋಗುವುದೆಲ್ಲಿಗೆ?

ಇವರೆಲ್ಲ ಸಂಬಳವಿಲ್ಲದ ಕಾವಲುಗಾರರು. ರಾತ್ರೋರಾತ್ರಿ ಕೆರೆಯ ಅಂಚಿಗೆ ನಾಲ್ಕು ಲೋಡು ಮಣ್ಣು ಬಿದ್ದರೆ ಮಾರನೆಯ ದಿನ ಕುರಿಗಾಹಿಗೆ ತಿಳಿಯುತ್ತದೆ. ತೂಬು ಸೋರಿದರೆ, ಏರಿಯಲ್ಲಿ ಗುದ್ದು ಬಿದ್ದರೆ ಮೊದಲು ನೀರುಗಂಟಿ ಕಾಣುತ್ತಿದ್ದ, ಈಗ ದನ ಮೇಯಿಸುವವನು ಕಾಣುತ್ತಾನೆ. ಕೊಳಚೆಯ ಪೈಪು ನೀರಿಗೆ ಬಿಟ್ಟದ್ದು ಮೀನು ಸತ್ತಾಗ ಬಲೆಗಾರನಿಗೆ ಗೊತ್ತಾಗುತ್ತದೆ. ನೀವು ಗೇಟು ಹಾಕಿದಾಗ ಹೊರಗೆ ಉಳಿಯುವವರು ಇವರೇ. ಬಾಟಲಿಯವನು ಬೇಲಿ ಹಾರಿ ಬರುತ್ತಾನೆ, ಕಸದ ಟ್ರ್ಯಾಕ್ಟರಿನವನು ಇನ್ನೊಂದು ಕಡೆಯಿಂದ ಬರುತ್ತಾನೆ. ಸಾಕ್ಷಿಗಳು ಹೋಗಿ ಕಳ್ಳರು ಉಳಿಯುತ್ತಾರೆ.

ಬೆಂಗಳೂರಿನ ಕತೆ ಇದನ್ನೇ ಹೇಳುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬರತೊಡಗಿದ ಮೇಲೆ ಊರಿನವರಿಗೆ ಕೆರೆಯ ಹಂಗು ಕಡಿಮೆಯಾಗುತ್ತ ಬಂತು. ಬಿಂದಿಗೆ ಹೊತ್ತು ಹೋಗುವವರು ನಿಂತರು, ಆಮೇಲೆ ಕೆರೆಗಳನ್ನು ಕೇಳುವವರೂ ಇಲ್ಲವಾದರು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ. ಈ ಶತಮಾನದ ಮೊದಲ ದಶಕದಲ್ಲಿ ಸರ್ಕಾರವೇ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ನಾಗವಾರದಲ್ಲಿ ಟಿಕೆಟ್ ಕೊಂಡರಷ್ಟೇ ದಂಡೆ ಎಂಬಂತಾಯಿತು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯನ್ನು ಮುಂದಿಟ್ಟುಕೊಂಡು 2012ರಲ್ಲಿ ಹೈಕೋರ್ಟ್ ಕೊಟ್ಟ ಆದೇಶ, ಜಿಲ್ಲೆ ಜಿಲ್ಲೆಗೂ ಕೆರೆ ಸಂರಕ್ಷಣೆಯ ಸಮಿತಿ ಇರಬೇಕೆಂದಿತು. ತುಮಕೂರಿನಲ್ಲಿ ಹೇಮಾವತಿ ನೀರು ಬುಗುಡನಹಳ್ಳಿಗೆ ಬಂದು ಕೊಳಾಯಿಗೆ ಹರಿಯುತ್ತಿರುವ ಈ ಕಾಲದಲ್ಲಿ ನಾವು ನಿಂತಿರುವುದು ಅಂದು ಬೆಂಗಳೂರು ನಿಂತಿದ್ದ ಜಾಗದಲ್ಲೇ.

ದಾರಿಯನ್ನು ಕಸಿಯುವವರು ನೀವೊಬ್ಬರೇ ಅಲ್ಲ ಎಂಬುದೂ ನಿಜ. ಸೌಂದರ್ಯೀಕರಣದ ಹೆಸರಿನಲ್ಲಿ ಕೆರೆಯ ಸುತ್ತ ಸರಳಿನ ಬೇಲಿ ಎಳೆದು, ವಾಯುವಿಹಾರಿಗಳಿಗೆ ಟೈಲ್ಸ್ ಹಾಸಿ, ಎಮ್ಮೆ ಇಳಿಯುವ ಜಾಗ ಬಿಡದ ಯೋಜನೆಗಳೂ ದಾರಿ ಮುಚ್ಚುತ್ತವೆ. ಬೂಟು ಹಾಕಿ ಬರುವವನಿಗೆ ಕೆರೆ, ಬರಿಗಾಲಿನವನಿಗೆ ಬೇಲಿ ಎಂದಾದರೆ ಅದೂ ಅನ್ಯಾಯವೇ. ತೆರವು ಎಂದಾಗ ಜೆಸಿಬಿ ಮೊದಲು ಗುಡಿಸಲಿನ ಮುಂದೆ ನಿಲ್ಲುವುದನ್ನೂ, ಕಾಂಪೌಂಡ್ ಗೋಡೆಯ ಮುಂದೆ ತಡೆಯಾಜ್ಞೆಯ ಕಾಗದ ಸಿದ್ಧವಿರುವುದನ್ನೂ ಎಲ್ಲರೂ ಕಂಡಿದ್ದೇವೆ. ನಿಮಗೆ ಮಾತ್ರ ನಿಯಮ ಹೇಳಿ ಉಳಿದವರನ್ನು ಬಿಡಿ ಎನ್ನುತ್ತಿಲ್ಲ. ಆದರೆ ಪಾಲಿಕೆಯನ್ನು ನಾಳೆ ಪ್ರಶ್ನಿಸುವ ನೈತಿಕ ಬಲ ಇಂದು ನಿಮ್ಮ ಗೇಟು ತೆರೆದಿದ್ದರಷ್ಟೇ ಬರುತ್ತದೆ.

ಕೆರೆಯಿಂದ ಎಷ್ಟು ದೂರ ಕಟ್ಟಬಾರದು ಎಂಬ ಚರ್ಚೆಯೂ ಜೊತೆಗೆ ನಡೆದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಾಜ್ಯದಲ್ಲಿದ್ದ 30 ಮೀಟರಿನ ಲೆಕ್ಕವನ್ನು ಕೆರೆಯ ಗಾತ್ರ ನೋಡಿ ಇಳಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಕಾದು ನೋಡೋಣ ಎಂದು ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಆದರೆ ಆ ಮೀಟರುಗಳು ಕಟ್ಟಡದ ಲೆಕ್ಕ. 30 ಇದ್ದದ್ದು 3 ಆದರೂ ನಕಾಶೆಯಲ್ಲಿರುವ ದಾರಿ ಒಂದು ಗೇಣೂ ಕಡಿಮೆಯಾಗುವುದಿಲ್ಲ.

ನಿಮ್ಮ ಭಯಗಳಿಗೆ ಉತ್ತರ ಹೇಳದೆ ಗೇಟು ತೆಗೆಯಿರಿ ಎನ್ನುವುದು ನ್ಯಾಯವಲ್ಲ. ಕಸದ ಟ್ರ್ಯಾಕ್ಟರ್ ತಡೆಯಬೇಕೇ? ದಾರಿಯ ಬಾಯಲ್ಲಿ ಕಲ್ಲುಕಂಬ ನೆಡಿಸಿ. ಆಳು, ದನ, ಸೈಕಲ್ಲು, ಮೀನಿನ ಬುಟ್ಟಿ ಹೋಗಲಿ, ಟ್ರ್ಯಾಕ್ಟರ್ ಹೋಗದಿರಲಿ. ಹೂಳೆತ್ತುವಾಗ ಗಾಡಿ ಬರಬೇಕೆಂದರೆ ನಡುವಿನ ಕಂಬ ತೆಗೆಯುವಂತಿರಲಿ. ಕುಡುಕರ ಕಾಟವೇ? ದೀಪ ಹಾಕಿಸಿ, ಬೀಟ್ ಪೊಲೀಸರ ಪಟ್ಟಿಯಲ್ಲಿ ಆ ಜಾಗ ಸೇರಿಸಿ. ಜನ ಓಡಾಡುವ ಜಾಗದಲ್ಲಿ ಅವರು ಕೂರುವುದೂ ಕಡಿಮೆ. ಮನೆಯೊಳಗೆ ಇಣುಕುತ್ತಾರೆಂಬ ಮುಜುಗರವೇ? ನಿಮ್ಮ ಗಡಿಯೊಳಗೆ ಹೊಂಗೆ, ಬೇವು ಬೆಳೆಸಿ, ಗೋಡೆ ಎತ್ತರಿಸಿ, ಅದು ನಿಮ್ಮ ಹಕ್ಕು. ದಾರಿ ಬಳಸುವವರಿಗೂ ಹೊಣೆ ಇದೆ: ಗಣಪನ ಜೊತೆಗೆ ಪ್ಲಾಸ್ಟಿಕ್ಕನ್ನೂ ನೀರಿಗೆ ಬಿಡುವವರು, ಬೇರೆಯವರ ತೆಂಗಿನಕಾಯಿಗೆ ಕೈ ಹಾಕುವವರು ದಾರಿಯ ಹಕ್ಕಿಗೆ ತಾವೇ ಮಣ್ಣು ಹಾಕುತ್ತಿದ್ದಾರೆ. ಇದನ್ನು ನಿಮ್ಮ ಪರವಾಗಿ ಅವರೆದುರೂ ಹೇಳಲು ನಾನು ಸಿದ್ಧ.

ಒಂದು ಲಾಭದ ಮಾತೂ ಇದೆ. ದಾರಿಗಳನ್ನು ಅಳಿಸಿದವರು ಸಾಮಾನ್ಯವಾಗಿ ಹಳ್ಳ, ರಾಜಕಾಲುವೆಗಳನ್ನೂ ಬಿಡುವುದಿಲ್ಲ, ಎರಡೂ ಒಂದೇ ಖರಾಬಿನ ಪಟ್ಟಿಯಲ್ಲಿ ಅಕ್ಕಪಕ್ಕ ಮಲಗಿರುತ್ತವೆ. 2022ರ ಮಳೆಗಾಲದಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ನೀರು ಯಾರ ಖಾತೆ, ಯಾರ ಇ-ಸ್ವತ್ತು ಎಂದು ಕೇಳಿ ಹರಿಯಲಿಲ್ಲ, ಹಳೆಯ ನಕಾಶೆಯನ್ನೇ ಹಿಡಿದು ಬಂತು. ಇಂದು ದಾರಿಯನ್ನು ಗುರುತಿಸಿ ಬಿಟ್ಟರೆ ಅದರ ಪಕ್ಕದ ಕಾಲುವೆಯೂ ಗುರುತಾಗುತ್ತದೆ. ಅದು ಉಳಿದರೆ ಮುಂದಿನ ದೊಡ್ಡ ಮಳೆಯಲ್ಲಿ ನಿಮ್ಮ ನಡುಮನೆ ಉಳಿಯುತ್ತದೆ.

ಆದ್ದರಿಂದ ಇಷ್ಟು ಮಾಡಿ. ನಿಮ್ಮ ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ಗ್ರಾಮ ನಕಾಶೆಯ ದೃಢೀಕೃತ ಪ್ರತಿ ತರಿಸಿ ಮೇಜಿನ ಮೇಲೆ ಹರಡಿ. ಕೆರೆಯ ಕಡೆಗಿರುವ ದಾರಿ ಯಾವುದು, ಈಗ ಅದರ ಮೇಲೆ ಏನಿದೆ ಎಂದು ಗುರುತಿಸಿ. ಅನುಮಾನವಿದ್ದ ಕಡೆ ಹದ್ದುಬಸ್ತಿಗೆ ನೀವೇ ಅರ್ಜಿ ಹಾಕಿ. ಸರ್ವೆಯವರು ನೋಟಿಸು ಹಿಡಿದು ಬರುವ ಮೊದಲು ನೀವು ಕರೆಸಿದ್ದೀರಿ ಎಂಬುದೇ ನಿಮ್ಮ ಮರ್ಯಾದೆ. ಅಳತೆಯ ದಿನ ಕುರಿ ಕಾಯುವವರನ್ನೂ, ಮೀನಿನ ಸಂಘದವರನ್ನೂ, ಅಚ್ಚುಕಟ್ಟಿನ ರೈತರನ್ನೂ ಕರೆಯಿರಿ. ದಾರಿ ಎಲ್ಲಿತ್ತೆಂದು ಅವರ ಕಾಲಿಗೆ ನೆನಪಿರುತ್ತದೆ. ಗುರುತಾದ ದಾರಿಗೆ ಎರಡೂ ಕಡೆ ಕಲ್ಲು ನೆಡಿಸಿ, ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ತಹಶೀಲ್ದಾರರ ಕಚೇರಿಗಳಿಗೆ ನಿಮ್ಮ ಠರಾವಿನ ಪ್ರತಿ ಕೊಡಿ. ಬಡಾವಣೆಯ ನಕ್ಷೆಯಲ್ಲಿ ಆ ದಾರಿಯನ್ನು ಸಾರ್ವಜನಿಕ ಎಂದು ಬರೆಸಿ. ನಾಳೆ ಸೈಟು ಮಾರಿದರೂ ಕೊಳ್ಳುವವನಿಗೆ ಗೊಂದಲವಿರುವುದಿಲ್ಲ.

ಮೊದಲ ಬಡಾವಣೆ ಯಾವುದಾಗುತ್ತದೋ ಗೊತ್ತಿಲ್ಲ. ನಮ್ಮ ಮರಳೂರಿನದೇ ಆದರೆ ಸಂತೋಷ. ಅಳತೆಯ ದಿನ ಹೇಳಿ ಕಳಿಸಿ, ಚೈನಿನ ಒಂದು ತುದಿ ಹಿಡಿಯಲು ಬರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಮರಳೂರಿನ ಒಬ್ಬ ನೆರೆಯವ